ಆರ್. ನಾಗೇಂದ್ರರಾವ್ (1896–1977)

ಕನ್ನಡ ವೃತ್ತಿರಂಗಭೂಮಿ ಹಾಗೂ ಚಲನಚಿತ್ರಗಳ ನಟ, ನಿರ್ದೇಶಕ, ನಿರ್ಮಾಪಕ. ಹುಟ್ಟಿದ್ದು 1896ರ ಜೂನ್ 23ರಂದು, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ಕನ್ನಡದ ಮೊದಲ ವಾಕ್ಚಿತ್ರದ ರಾವಣ ಎಂದೇ ಇವರನ್ನು ಪರಿಚಯಿಸುವುದು ವಾಡಿಕೆ. ಆ ಗುರುತು ಸುಳ್ಳಲ್ಲ. ಆದರೆ ಅದರ ಹಿಂದೆ ಮರೆಯಾಗಿರುವ 1940ರಿಂದ 1944ರವರೆಗಿನ ಕೆಲಸವೇ ಇವರ ವೃತ್ತಿಜೀವನದ ನಿಜವಾದ ತಿರುವು.

ನಾಗೇಂದ್ರರಾಯರು ಎಳವೆಯಲ್ಲೇ ಬಣ್ಣ ಹಚ್ಚಿದವರು. ಪಾತ್ರಧಾರಿ ತನ್ನ ಹಾಡನ್ನು ತಾನೇ ಹಾಡಬೇಕಿದ್ದ ಕಂಪನಿ ನಾಟಕಗಳ ಕಾಲ ಅದು. ಮೈಕು ಇಲ್ಲದ ರಂಗದಲ್ಲಿ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸಬೇಕಿತ್ತು. ಮುಂದೆ ಎಂ.ವಿ. ಸುಬ್ಬಯ್ಯನಾಯ್ಡು ಅವರೊಂದಿಗೆ ಸೇರಿ ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿದರು. ಇವರ ಮೊದಲ ಹತ್ತು ವರ್ಷಗಳ ಚಿತ್ರಗಳಲ್ಲಿ ಮುಖ್ಯವಾದವೆಲ್ಲ ಈ ಸ್ನೇಹದ ಫಲ. ಒಬ್ಬರ ಹೆಸರು ಬಂದ ಕಡೆಯಲ್ಲೆಲ್ಲ ಇನ್ನೊಬ್ಬರ ಹೆಸರೂ ಬರುತ್ತದೆ. ಯಾವ ಪಾತ್ರ ಯಾರದೆಂಬ ಗೊಂದಲ ಹುಟ್ಟುವುದೂ ಇಲ್ಲೇ.

ಕನ್ನಡದ ಮೊದಲ ವಾಕ್ಚಿತ್ರವೆನಿಸಿದ 'ಸತಿ ಸುಲೋಚನ'ವನ್ನು ನಿರ್ಮಿಸಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ, ತಮ್ಮ ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ. ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿಶಾಸ್ತ್ರಿಗಳು ಸಂಭಾಷಣೆ ಮತ್ತು ಹಾಡುಗಳನ್ನು ಬರೆದರು. ಮಾತಿನ ಚಿತ್ರ ತೆಗೆಯಬಲ್ಲ ಸ್ಟುಡಿಯೋ ಮೈಸೂರು ಸೀಮೆಯಲ್ಲಿ ಇರಲಿಲ್ಲವಾದ್ದರಿಂದ ತಂಡ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ಗೆ ಹೋಗಿ ಚಿತ್ರೀಕರಣ ನಡೆಸಿತು. ಖರ್ಚು ಸುಮಾರು 40,000 ರೂಪಾಯಿ. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು, ಲಕ್ಷ್ಮೀಬಾಯಿ ಮಂಡೋದರಿಯಾದರು. ನಾಗೇಂದ್ರರಾಯರು ರಾವಣನ ಪಾತ್ರ ವಹಿಸಿದ್ದಲ್ಲದೆ ಎಚ್.ಆರ್. ಪದ್ಮನಾಭಶಾಸ್ತ್ರಿಗಳ ಜೊತೆ ಸಂಗೀತದ ಹೊಣೆಯನ್ನೂ ಹೊತ್ತರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಚಿತ್ರ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಹೇಗಿದ್ದನೆಂದು ಹೇಳುವ ಮಾತುಗಳೆಲ್ಲ ನೆನಪಿನ ಮೇಲೆ ನಿಂತವು. ಹಾಗಾಗಿ ಆ ಅಭಿನಯಕ್ಕೆ ಅಂಟಿಸುವ ದೊಡ್ಡ ವಿಶೇಷಣಗಳನ್ನು ಎಚ್ಚರದಿಂದಲೇ ಓದಬೇಕು.

'ಮೊದಲ' ಎಂಬ ಮಾತಿಗೂ ತಕರಾರಿದೆ. ಜಯವಾಣಿ ಟಾಕೀಸ್‌ನವರ 'ಭಕ್ತ ಧ್ರುವ' ಇದಕ್ಕೂ ಮೊದಲೇ ತಯಾರಾಗಿತ್ತೆಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಪಾರ್ಶ್ವನಾಥ ಆಳ್ತೇಕರ್ ನಿರ್ದೇಶಿಸಿದ ಆ ಚಿತ್ರಕ್ಕೆ ಆಧಾರವಾದದ್ದು ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ನಾಟಕ. ಧ್ರುವನಾದವನು ವರದಾಚಾರ್ಯರ ಮೊಮ್ಮಗ ಮಾಸ್ಟರ್ ಮುತ್ತು. ತೆರೆಗೆ ಬಂದದ್ದು 'ಸತಿ ಸುಲೋಚನ'ದ ನಂತರ. ಎರಡು ಹೇಳಿಕೆಗಳೂ ಒಟ್ಟಿಗೆ ನಿಲ್ಲಬಲ್ಲವು: ತಯಾರಿಕೆಯಲ್ಲಿ 'ಭಕ್ತ ಧ್ರುವ' ಮುಂದು, ಬಿಡುಗಡೆಯಲ್ಲಿ 'ಸತಿ ಸುಲೋಚನ' ಮುಂದು. ಮಾರ್ಚ್ 3 ಅನ್ನು ಕನ್ನಡ ಚಿತ್ರರಂಗದ ಹುಟ್ಟುಹಬ್ಬವೆಂದು ನೆನೆಯುವುದು ಈ ಎರಡನೆಯ ಅರ್ಥದಲ್ಲಿ. ಮೂಕಿ ಚಿತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ.

'ಸತಿ ಸುಲೋಚನ'ದಿಂದ ನಟರಿಗೆ ಹೆಸರು ಬಂತು, ನಾಡಿನಲ್ಲಿ ಚಿತ್ರೋದ್ಯಮವೇನೂ ನೆಲೆಯೂರಲಿಲ್ಲ. ಮುಂದಿನ ಕೆಲವು ವರ್ಷ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ. ಆ ಕಾಲದಲ್ಲಿ ಸಾಹಿತ್ಯ ಸಾಮ್ರಾಜ್ಯ ಮಂಡಳಿಗೆ ಹೆಸರು ತಂದುಕೊಟ್ಟ ನಾಟಕ 'ಭೂಕೈಲಾಸ'. ಮದರಾಸಿನ ನಿರ್ಮಾಪಕ ಎ.ವಿ. ಮೆಯ್ಯಪ್ಪನ್ ಅದನ್ನು ಚಿತ್ರ ಮಾಡಲು ಮುಂದಾದರು. ಆದರೆ 1940ರಲ್ಲಿ ಅದು ಬಂದದ್ದು ತೆಲುಗಿನಲ್ಲಿ, ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ. ಕನ್ನಡ ನಾಟಕ, ಕನ್ನಡದ ನಟರು, ತೆಲುಗು ಮಾತು. ಕನ್ನಡ ಚಿತ್ರಕ್ಕೆ ಹಣ ಹೂಡಲು ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಕಂಪನಿ ನಟರಿಗೆ ತೆರೆದಿದ್ದ ದಾರಿ ಇದು. ಈ ಚಿತ್ರದಲ್ಲಿ ರಾವಣನಾದವರು ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ನಾರದ. ಇಬ್ಬರೂ ಬೇರೆ ಬೇರೆ ಚಿತ್ರಗಳಲ್ಲಿ ರಾವಣನ ಪಾತ್ರ ವಹಿಸಿದ್ದನ್ನು ಮರೆತರೆ ಪಾತ್ರಗಳು ಅದಲುಬದಲಾಗುತ್ತವೆ. ಅದೇ ಕಥೆ 1958ರಲ್ಲಿ ರಾಜ್‌ಕುಮಾರ್ ರಾವಣನಾಗಿ ಕನ್ನಡದಲ್ಲೂ ಬಂತು.

1941ರ 'ವಸಂತಸೇನಾ' ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿದ ಕನ್ನಡ ಚಿತ್ರ. ನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ನಾಗೇಂದ್ರರಾಯರು ಶಕಾರ. ಇವರನ್ನು ಪೋಷಕ ಪಾತ್ರಗಳ ನಟರ ಸಾಲಿನಲ್ಲಿ ಇಟ್ಟು ನೋಡುವವರು ಈ ಆಯ್ಕೆಯನ್ನು ಗಮನಿಸಬೇಕು. ಶಕಾರ ರಾಜನ ಭಾಮೈದ. ದುಷ್ಟನೂ ಹೌದು, ಹಾಸ್ಯಾಸ್ಪದನೂ ಹೌದು. ಪುರಾಣದ ಹೆಸರುಗಳನ್ನೆಲ್ಲ ಕಲಸುಮೇಲೋಗರ ಮಾಡಿ ಬಡಾಯಿ ಕೊಚ್ಚುವವನು, ಕೊನೆಗೆ ಹೆಣ್ಣಿನ ಕತ್ತು ಹಿಸುಕುವವನು. ನಗಿಸುತ್ತಲೇ ಹೆದರಿಸಬೇಕಾದ ಇಂಥ ಪಾತ್ರ ನಾಯಕನ ಪಾತ್ರಕ್ಕಿಂತ ಕಷ್ಟದ್ದು. ರಾವಣ, ನಾರದ, ಶಕಾರ ಮೂರನ್ನೂ ಒಬ್ಬನೇ ನಟ ತೆರೆಯ ಮೇಲೆ ನಿಭಾಯಿಸಿದ್ದೇ ಇವರ ಹರವಿಗೆ ಸಾಕ್ಷಿ.

1943ರಲ್ಲಿ 'ಸತ್ಯ ಹರಿಶ್ಚಂದ್ರ' ಬಂತು. ನಿರ್ದೇಶನ ನಾಗೇಂದ್ರರಾಯರದು, ಹರಿಶ್ಚಂದ್ರ ಸುಬ್ಬಯ್ಯನಾಯ್ಡು, ಚಂದ್ರಮತಿ ಲಕ್ಷ್ಮೀಬಾಯಿ. ರಾಜ್‌ಕುಮಾರ್ ಅಭಿನಯಿಸಿದ, ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ 1965ರ ಚಿತ್ರದ ಜನಪ್ರಿಯತೆಯಲ್ಲಿ ಹಳೆಯದು ಮಸುಕಾಗಿದೆ. ಆದರೂ ಭಾರತದ ಚಿತ್ರೋದ್ಯಮದ ಇತಿಹಾಸದಲ್ಲಿ ಇದಕ್ಕೆ ಬೇರೆಯದೇ ಸ್ಥಾನವಿದೆ. ಮೆಯ್ಯಪ್ಪನ್ ಈ ಕನ್ನಡ ಚಿತ್ರಕ್ಕೆ ತಮಿಳು ಮಾತು ಕೂಡಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಡಬ್ಬಿಂಗ್‌ನಿಂದ ಕನ್ನಡ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆಂದು 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಚಳವಳಿ ನಡೆಸಿದರು. ಅಂದಿನಿಂದ ಕರ್ನಾಟಕದಲ್ಲಿ ಡಬ್ಬಿಂಗ್ ದಶಕಗಳ ಕಾಲ ನಿಂತಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ಚರ್ಚೆ ಮತ್ತೆ ಕಾವೇರಿತು. ಆ ಚರ್ಚೆಗಳಲ್ಲಿ ಕನ್ನಡವನ್ನು ಡಬ್ಬಿಂಗ್ ಹೊಗುವ ಭಾಷೆಯಾಗಿ ಮಾತ್ರ ಕಾಣುವುದುಂಟು. ದೇಶದ ಮೊದಲ ಡಬ್ಬಿಂಗ್‌ಗೆ ಮೂಲವಾದದ್ದು ಕನ್ನಡ ಚಿತ್ರ, ಅದನ್ನು ನಿರ್ದೇಶಿಸಿದವರು ಹೊಳಲ್ಕೆರೆಯ ಒಬ್ಬ ಕಂಪನಿ ನಟ ಎಂಬುದು ದಾಖಲೆಯಲ್ಲಿ ಉಳಿಯಬೇಕಾದ ಸಂಗತಿ.

'ಮಹಾತ್ಮ ಕಬೀರ್' (1947) ಇವರ ನಿರ್ದೇಶನದ ಮತ್ತೊಂದು ಚಿತ್ರ. ಪುರಾಣ ಮತ್ತು ಸಂತರ ಕಥೆಗಳಿಂದ ಹೊರಬಂದದ್ದು 'ಜಾತಕ ಫಲ'ದಲ್ಲಿ (1953). ಜ್ಯೋತಿಷ್ಯದ ಮೇಲಿನ ಕುರುಡು ನಂಬಿಕೆಯನ್ನು ವಸ್ತುವಾಗಿಸಿಕೊಂಡ ಈ ಚಿತ್ರ ತಮಿಳು, ತೆಲುಗುಗಳಲ್ಲೂ ತಯಾರಾಯಿತು. 'ಪ್ರೇಮದ ಪುತ್ರಿ' (1957) ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂದು ಗೌರವ ಪಡೆಯಿತು. ಮಗ ಆರ್.ಎನ್. ಜಯಗೋಪಾಲ್ ಗೀತರಚನಕಾರರಾಗಿ ಚಿತ್ರರಂಗಕ್ಕೆ ಬಂದದ್ದು ಈ ಚಿತ್ರದಿಂದ. 'ವಿಜಯನಗರದ ವೀರಪುತ್ರ'ದಲ್ಲಿ (1961) ಇನ್ನೊಬ್ಬ ಮಗ ಆರ್.ಎನ್. ಸುದರ್ಶನ್ ನಾಯಕನಾದರು. ಮತ್ತೊಬ್ಬ ಮಗ ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರು. 1969ರ 'ನಮ್ಮ ಮಕ್ಕಳು' ಕೂಡ ನಾಗೇಂದ್ರರಾಯರ ನಿರ್ದೇಶನದ್ದೇ.

ನಟನಾಗಿ ಇವರ ಕೊನೆಯ ದೊಡ್ಡ ಪಾತ್ರ ಸಿಕ್ಕಿದ್ದು 1968ರ 'ಹಣ್ಣೆಲೆ ಚಿಗುರಿದಾಗ' ಚಿತ್ರದಲ್ಲಿ. ತ್ರಿವೇಣಿಯವರ ಕಾದಂಬರಿಯನ್ನು ಎಂ.ಆರ್. ವಿಠಲ್ ತೆರೆಗೆ ತಂದರು. ರಾಜ್‌ಕುಮಾರ್, ಕಲ್ಪನಾ ಜೊತೆಗಿದ್ದರು. ವಿಧವೆಯಾದ ಮಗಳ ಮರುಮದುವೆಗೆ ಒಪ್ಪದ ತಂದೆಯ ಪಾತ್ರ ಇವರದು. ಎಪ್ಪತ್ತರ ಗಡಿ ದಾಟಿದ್ದ ನಟನಿಗೆ ಚಿತ್ರದ ಶೀರ್ಷಿಕೆಯ ಹಣ್ಣೆಲೆಯೇ ತಾನಾಗುವ ಪಾತ್ರ ದೊರೆತಿತ್ತು. 'ಸತಿ ಸುಲೋಚನ'ದಂತಲ್ಲದೆ ಈ ಚಿತ್ರ ಉಳಿದುಬಂದಿದೆ. ಇವರ ಅಭಿನಯವನ್ನು ಅಳೆಯಬೇಕೆನ್ನುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಭಾರತ ಸರ್ಕಾರ 1976ರಲ್ಲಿ ಪದ್ಮಶ್ರೀ ನೀಡಿತು. 1977ರ ಫೆಬ್ರವರಿ 9ರಂದು ನಾಗೇಂದ್ರರಾಯರು ತೀರಿಕೊಂಡರು. ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್ ಆ ವೇಳೆಗಾಗಲೇ ಕನ್ನಡ ಚಿತ್ರಗಳಲ್ಲಿ ಹೆಸರು ಮಾಡಿದ್ದರು.