ಇಟಲಿಯ ಬಳ್ಳಿ, ದೋಆಬಿನ ಕೆಮ್ಮಣ್ಣು

ಬಳಗಾನೂರಿನ ಸುತ್ತ ಇಂದು ಕಣ್ಣು ಹಾಯುವಷ್ಟು ದೂರ ಬತ್ತದ ಗದ್ದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬರುವ ಮೊದಲು ಇದು ಜೋಳ ಸಜ್ಜೆಗಳ ಸೀಮೆ. ಮಳೆಯಾದರೆ ಸುಗ್ಗಿ, ಆಗದಿದ್ದರೆ ಗುಳೆ. ಇಂತಹ ಊರ ಹೆಸರನ್ನೂ ಇಟಲಿಯ ಕೆಂಪು ದ್ರಾಕ್ಷಾಸವದ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಓದುಗರು ನಕ್ಕಾರು. ಮೊದಲು ಕೇಳಿದಾಗ ನಾನೂ ನಕ್ಕವನೆ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಇದೇ ದೋಆಬಿನಲ್ಲಿ, ನಮಗೆ ಪಡುವಲಲ್ಲಿರುವ ಕೊಪ್ಪಳ ಸೀಮೆಯ ಗುಡ್ಡಗಳ ನಡುವೆ, ಟಸ್ಕನಿಯ ಪ್ರಸಿದ್ಧ ದ್ರಾಕ್ಷಿಯಾದ ಸಾಂಜೊವೇಸೆ ಹಲವು ವರ್ಷಗಳಿಂದ ಫಲ ಕೊಡುತ್ತಿದೆ. ಅದರ ಕೆಂಪು ರಸ ಹಂಪಿಯ ಹೆಸರನ್ನು ಹೊತ್ತ ಸೀಸೆಗಳಲ್ಲಿ ದೊಡ್ಡ ಪಟ್ಟಣಗಳಿಗೆ ಹೋಗುತ್ತಿದೆ.

ಇಟಲಿಯ ದ್ರಾಕ್ಷಿ ನಮ್ಮ ಕಡೆಗೆ ಮುಖಮಾಡಿದ್ದು ಇದೇ ಮೊದಲಲ್ಲ. ಎರಡು ಸಾವಿರ ವರ್ಷಗಳ ಹಿಂದೆ ದಖ್ಖನಿಗೆ ಅದರ ರಸ ಬಂದಿತ್ತು, ಬಳ್ಳಿ ಬಂದಿರಲಿಲ್ಲ. ಈಗ ಬಳ್ಳಿಯೇ ಬಂದಿದೆ. ಈ ಎರಡು ಬರವುಗಳ ಕಥೆಯನ್ನು ಹೇಳುವಾಗ ತೋಟದ ಒಡೆಯನ ಜೊತೆಗೆ ಗೊನೆ ಕೊಯ್ದ ಕೈಯನ್ನೂ ನೆನೆಯಬೇಕೆಂದು ನನ್ನ ಅಪೇಕ್ಷೆ. ಏಕೆಂದರೆ ಮದ್ಯದ ಚರಿತ್ರೆಯನ್ನು ಬರೆದವರೆಲ್ಲ ಬಹುಮಟ್ಟಿಗೆ ಕುಡಿದವರ ಪಕ್ಷದವರು.

ಮೊದಲ ಬರವಿಗೆ ಸಾಕ್ಷಿ ಗ್ರೀಕ್ ಭಾಷೆಯ ಒಂದು ಚಿಕ್ಕ ಪುಸ್ತಕ, 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್'. ಕ್ರಿ.ಶ. ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಕಡೆಯ ಯಾವನೋ ವರ್ತಕ ಬರೆದ ಕೈಪಿಡಿ ಇದು. ಬರಿಗಾಜ, ಎಂದರೆ ಇಂದಿನ ಭರೂಚ್ ಬಂದರಿನಲ್ಲಿ ಇಳಿಯುತ್ತಿದ್ದ ಸರಕಿನ ಪಟ್ಟಿ ಕೊಡುವಾಗ ಆತ ಮದ್ಯವನ್ನು ಹೆಸರಿಸಿ, ಇಟಲಿಯದಕ್ಕೆ ಹೆಚ್ಚು ಬೇಡಿಕೆ, ಲವೊಡಿಕೆಯ ಮತ್ತು ಅರೇಬಿಯದ್ದೂ ಬರುತ್ತದೆ ಎನ್ನುತ್ತಾನೆ. ಅಲ್ಲಿನ ಅರಸನಿಗೆಂದು ತರುತ್ತಿದ್ದ ಉತ್ತಮ ವಸ್ತುಗಳಲ್ಲಿ ಬೆಳ್ಳಿಯ ಪಾತ್ರೆ, ಹಾಡುವ ಹುಡುಗರು, ಅಂತಃಪುರಕ್ಕೆ ಕನ್ಯೆಯರು ಇವರೊಡನೆ ಶ್ರೇಷ್ಠ ಮದ್ಯವೂ ಸೇರಿದೆ. ಮನುಷ್ಯರನ್ನೂ ಮದ್ಯವನ್ನೂ ಒಂದೇ ಪಟ್ಟಿಯಲ್ಲಿ ಬರೆಯಲು ಆ ವರ್ತಕನಿಗೆ ಸಂಕೋಚವಿರಲಿಲ್ಲ.

ಭರೂಚಿನಿಂದ ಪೈಠಣಕ್ಕೆ ಇಪ್ಪತ್ತು ದಿನದ ದಾರಿ, ಅಲ್ಲಿಂದ ಮೂಡಲಿಗೆ ಹತ್ತು ದಿನ ನಡೆದರೆ ತಗರ ಎಂಬ ದೊಡ್ಡ ಪಟ್ಟಣ ಎಂದು ಅದೇ ಪುಸ್ತಕ ಹೇಳುತ್ತದೆ. ಈ ತಗರವೇ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ಗುರುತಿಸಿದವರು, ಕನ್ನಡ ಶಾಸನಗಳಿಗಾಗಿ ದುಡಿದ ಫ್ಲೀಟ್ ಸಾಹೇಬರು. ತಗರದಿಂದ ಬಂಡಿಗಳಲ್ಲಿ ಬಟ್ಟೆ ಹೋಗುತ್ತಿತ್ತು. ಕಡಲಾಚೆಯ ಸರಕು ಎದುರಾಗಿ ಬರುತ್ತಿತ್ತು. ನಮ್ಮ ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಇತಿಹಾಸಾರಂಭಕಾಲದ ವಸತಿಯ ಪದರವೂ ಕಾಣಿಸಿಕೊಂಡಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ ಅಂಥ ನಾಣ್ಯಗಳ ರಾಶಿಯೇ ಸಿಕ್ಕಿತು. ಮದ್ಯ ತುಂಬಿ ಬಂದ ಎರಡು ಕಿವಿಯ ಮಣ್ಣಿನ ಜಾಡಿಗಳ ಚೂರುಗಳನ್ನು ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ೧೯೪೫ರಲ್ಲಿ ವೀಲರ್ ಹೊರತೆಗೆದರು. ಯವನರು ತಂದ ತಂಪಾದ ಕಂಪಿನ ಮದ್ಯವನ್ನು ಹಳೆಯ ತಮಿಳು ಕವಿಗಳೂ ಬಲ್ಲರು.

ಆ ಜಾಡಿಗಳಲ್ಲಿ ಹಲವು ಬಂದದ್ದು ಕಾಂಪಾನಿಯದಿಂದ, ಎಂದರೆ ವೆಸೂವಿಯಸ್ ಬೆಟ್ಟದ ಸೀಮೆಯಿಂದ. ಅಲ್ಲಿಯ ಪೊಂಪೈ ಪಟ್ಟಣ ಕ್ರಿ.ಶ. ೭೯ರಲ್ಲಿ ಬೂದಿಯಲ್ಲಿ ಹೂತುಹೋಯಿತಷ್ಟೆ. ೧೯೩೮ರಲ್ಲಿ ಅದೇ ಬೂದಿಯಿಂದ ದಂತದ ಒಂದು ಭಾರತೀಯ ಸ್ತ್ರೀವಿಗ್ರಹ ಹೊರಬಂತು. ಅದನ್ನು ಬಹಳವಾಗಿ ಹೋಲುವ ದಂತದ ಬೊಂಬೆ ತೇರ್‌ನಲ್ಲಿ ದೊರೆತಿದೆ. ಮದ್ಯ ಇತ್ತ ಬಂತು, ಬೊಂಬೆ ಅತ್ತ ಹೋಯಿತು. ಲೆಕ್ಕದಲ್ಲಿ ಮಾತ್ರ ರೋಮಿನವರಿಗೆ ನಷ್ಟ: ಭಾರತ ಪ್ರತಿವರ್ಷವೂ ತಮ್ಮಿಂದ ಐದು ಕೋಟಿ ಸೆಸ್ಟರ್ಸ್ ನಾಣ್ಯವನ್ನು ಹೀರಿಕೊಳ್ಳುತ್ತಿದೆಯೆಂದು ಪ್ಲಿನಿ ಗೊಣಗಿದ. ದ್ರಾಕ್ಷಿಗೂ ಮದ್ಯಕ್ಕೂ ತನ್ನ ಬೃಹದ್‌ಗ್ರಂಥದ ಒಂದು ಸಂಪುಟವನ್ನೇ ಮೀಸಲಿಟ್ಟ ಈ ಪಂಡಿತ ಸತ್ತದ್ದೂ ವೆಸೂವಿಯಸ್ಸಿನ ಅದೇ ಉತ್ಪಾತದಲ್ಲಿ.

ಅಂದಿನ ತೋಟ ಎಂಥದು? ಕ್ರಿ.ಪೂ. ಎರಡನೆಯ ಶತಮಾನದ ಕೇಟೊ ತನ್ನ ಕೃಷಿಗ್ರಂಥದಲ್ಲಿ ನೂರು ಯೂಗೆರದ, ಎಂದರೆ ಸುಮಾರು ಅರವತ್ತು ಎಕರೆಯ ದ್ರಾಕ್ಷಿತೋಟಕ್ಕೆ ಎಷ್ಟು ಆಳು ಬೇಕೆಂದು ಎಣಿಸಿ ಹೇಳಿದ್ದಾನೆ: ಮೇಸ್ತ್ರಿ, ಅವನ ಹೆಂಡತಿ, ಹತ್ತು ಮಂದಿ ಕೂಲಿಯಾಳು, ಎತ್ತಿನವನು, ಕತ್ತೆಯವನು, ಬುಟ್ಟಿಯ ಕಡ್ಡಿ ನೋಡುವವನು, ಹಂದಿ ಕಾಯುವವನು, ಒಟ್ಟು ಹದಿನಾರು. ಇವರು ಗುಲಾಮರು. ಮುದಿ ಎತ್ತನ್ನು ಮಾರು, ಮುದಿ ಗುಲಾಮನನ್ನು ಮಾರು ಎಂದು ಅದೇ ಗ್ರಂಥ ಒಡೆಯನಿಗೆ ಬುದ್ಧಿ ಹೇಳುತ್ತದೆ. ಪೆರಿಪ್ಲಸಿನ ಪಟ್ಟಿಯನ್ನು ಓದುವಾಗ ಈ ಮಾತನ್ನು ಮರೆಯಲು ನನಗೆ ಸಾಧ್ಯವಾಗಿಲ್ಲ.

ನಮ್ಮವರೇನು ಮದ್ಯ ಅರಿಯದವರಲ್ಲ. ಅರ್ಥಶಾಸ್ತ್ರ ದ್ರಾಕ್ಷಿಯ ರಸಕ್ಕೆ ಮಧುವೆಂದು ಹೆಸರು ಕೊಟ್ಟು, ಹುಟ್ಟಿದ ದೇಶದಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದವೆನ್ನುತ್ತದೆ. ಊರಿನ ಹೆಸರಿನಿಂದ ಮದ್ಯವನ್ನು ಕರೆಯುವ ಇಟಲಿಯವರ ರೂಢಿ ನಮಗೂ ಹೊಸತಲ್ಲ ಎಂದಾಯಿತು. ೯೪೧ರ ಪಂಪನ ವಿಕ್ರಮಾರ್ಜುನವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಪಾಠ ಹೇಳುವ ನಮ್ಮಂಥವರು ಆ ಭಾಗವನ್ನು ತರಗತಿಯಲ್ಲಿ ಸ್ವಲ್ಪ ಬೇಗನೆ ದಾಟಿಸಿಬಿಡುವುದುಂಟು. ಆದರೂ ದೋಆಬಿನ ಸಾಮಾನ್ಯನ ಪಾನವೆಂದರೆ ಈಚಲ ಸೇಂದಿ. ದ್ರಾಕ್ಷಿ ಅವನಿಗೆ ಹಣ್ಣೂ ಆಗಿರಲಿಲ್ಲ, ಕಾವ್ಯದ 'ದ್ರಾಕ್ಷಾಪಾಕ'ದಲ್ಲಿ ಮಾತ್ರ ಕೇಳುವ ಶಬ್ದವಾಗಿತ್ತು.

ಸುಮಾರು ೧೪೨೦ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ವೆನಿಸ್ ಸೀಮೆಯವನು. ಹಿಂದಿರುಗಿ ಪೋಪರಲ್ಲಿ ಕ್ಷಮೆ ಬೇಡಲು ಹೋದ ಈತನ ಕಥೆಯನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲಿನಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಭಾರತದವರಲ್ಲಿ ದ್ರಾಕ್ಷಾಮದ್ಯವಿಲ್ಲ, ಅಕ್ಕಿಯನ್ನು ಕುಟ್ಟಿ ನೀರಿನಲ್ಲಿ ಕಲಸಿ ಮರದ ರಸ ಬೆರೆಸಿದ ಕೆಂಪು ಪಾನೀಯವುಂಟು ಎಂದು ಅಲ್ಲಿ ಹೇಳಿದೆ. ಮುಂದೆ ನೂರು ವರ್ಷಕ್ಕೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪಾಯೆಸ್ ಪೇಟೆಯಲ್ಲಿ ಒಂದು ಪಣಕ್ಕೆ ಮೂರು ಗೊನೆ ದ್ರಾಕ್ಷಿ, ಹತ್ತು ದಾಳಿಂಬೆ ಎಂದು ಬೆಲೆ ಬರೆದುಕೊಂಡಿದ್ದಾನೆ. ತಿನ್ನುವ ದ್ರಾಕ್ಷಿ ಹಂಪಿಗೆ ಬಂದಿತ್ತು, ಆದರೆ ಅಗ್ಗವಾಗಿರಲಿಲ್ಲ.

ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮಾತ್ರ ದ್ರಾಕ್ಷಾರಸಕ್ಕೆ ಬೇರೊಂದು ಸ್ಥಾನವಿದೆ. ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಕಾಲದಿಂದ, ಶತಮಾನಗಳಿಂದ, ಅಲ್ಲಿ ರೋಮನ್ ಕ್ಯಾಥೊಲಿಕರ ಕನ್ನಡ ಸಮುದಾಯವೊಂದು ನೆಲಸಿದೆ. ಅವರ ಪೂಜಾವಿಧಿಗೆ ದ್ರಾಕ್ಷಿಯಿಂದಲೇ ಆದ ರಸ ಬೇಕು, ಇನ್ನಾವುದೂ ನಡೆಯದು. ಅಲ್ಲಿ ಅದು ಒಂದು ಗುಟುಕಿನ ವಸ್ತು, ಮತ್ತು ಪವಿತ್ರ.

ಇನ್ನು ಎರಡನೆಯ ಬರವು. ಮೇಲೆ ಹೆಸರಿಸಿದ ಪೊಜ್ಜೊ ಹುಟ್ಟಿದ್ದು ಟಸ್ಕನಿಯ ಆರ್ನೊ ನದಿಯ ಮೇಲ್ಕಣಿವೆಯಲ್ಲಿ. ೧೭೧೬ರಲ್ಲಿ ಟಸ್ಕನಿಯ ಅರಸ ಮೂರನೆಯ ಕೊಸಿಮೊ ಮೆದಿಚಿ ನಾಲ್ಕು ಮದ್ಯಸೀಮೆಗಳ ಎಲ್ಲೆ ಕಟ್ಟಿ ಶಾಸನ ಹೊರಡಿಸಿದಾಗ ಕಿಯಾಂತಿಯ ಜೊತೆಗೆ ಆ ಕಣಿವೆಯೂ ಸೇರಿತ್ತು. ಹೊರಗಿನ ಮದ್ಯಕ್ಕೆ ಈ ಹೆಸರುಗಳನ್ನು ಹಚ್ಚಕೂಡದೆಂದು ಅದರ ಉದ್ದೇಶ. ಕಿಯಾಂತಿಯ ಜೀವಾಳ ಸಾಂಜೊವೇಸೆ. ಅದರ ಹೆಸರಿಗೆ ಜೋವ್ ದೇವನ ರಕ್ತವೆಂದು ಅಲ್ಲಿಯ ಜನ ಅರ್ಥ ಹೇಳುತ್ತಾರೆ. ಆ ಜೋವ್ ಅಥವಾ ಜುಪಿಟರ್ ನಮ್ಮ ವೇದದ ದ್ಯೌಃಪಿತೃವೇ ಎಂಬುದು ಭಾಷಾಶಾಸ್ತ್ರ ಓದಿದವರಿಗೆ ಗೊತ್ತು. ಹೀಗಾಗಿ ದೂರದ ನೆಂಟಸ್ತಿಕೆ ಮೊದಲೇ ಇತ್ತೆನ್ನಬಹುದು.

ಕಿಯಾಂತಿಯ ತೋಟಗಳಲ್ಲಿ ಹಿರಿದು ಬ್ರೊಲಿಯೊ ಕೋಟೆಯದು. ರಿಕಾಸೊಲಿ ಮನೆತನದ ಕೈಗೆ ಅದು ಬಂದದ್ದು ೧೧೪೧ರಲ್ಲಿ. ಆ ವಂಶದ ಬೆತ್ತಿನೊ ರಿಕಾಸೊಲಿ, ೧೮೬೧ರಲ್ಲಿ ಕಾವೂರ್ ತೀರಿಕೊಂಡ ಮೇಲೆ ಇಟಲಿಯ ಪ್ರಧಾನಿಯಾದವನು. ತೋಟದಲ್ಲಿ ದಶಕಗಟ್ಟಲೆ ಪ್ರಯೋಗ ಮಾಡಿ, ೧೮೭೨ರ ಒಂದು ಪತ್ರದಲ್ಲಿ ತನ್ನ ಪಾಕವನ್ನು ಹೇಳಿದ: ಕಂಪು ಕಸುವುಗಳಿಗೆ ಸಾಂಜೊವೇಸೆ, ಮೃದುತ್ವಕ್ಕೆ ಕನಾಯೊಲೊ, ಬೇಗ ಕುಡಿಯುವುದಕ್ಕಾದರೆ ಸ್ವಲ್ಪ ಮಾಲ್ವಾಸಿಯ. ಫ್ಲಾರೆನ್ಸಿನ ಆಂತಿನೊರಿ ಮನೆತನ ೧೩೮೫ರಿಂದ ಈ ಕಸುಬಿನಲ್ಲಿದೆ. ಅವರು ೧೯೭೧ರ ಸುಗ್ಗಿಯಿಂದ ತಿನ್ಯಾನೆಲ್ಲೊ ಎಂಬ ಮದ್ಯದಲ್ಲಿ ಹಳೆಯ ಕಟ್ಟು ಮುರಿದು, ಮುಂದೆ ಸಾಂಜೊವೇಸೆಗೆ ಫ್ರಾನ್ಸಿನ ಕಾಬೆರ್ನೆಯನ್ನು ಸೇರಿಸಿದರು. ಮೊಂತಾಲ್ಚಿನೊ ಊರಿನ ಬಿಯೊಂದಿ ಸಾಂತಿ ಮನೆತನದ ಹಟ ಬೇರೆ: ಸಾಂಜೊವೇಸೆ ಒಂದೇ, ಬೆರಕೆಯಿಲ್ಲ.

ಇಷ್ಟು ವೈಭವವನ್ನು ಹೊತ್ತು ನಿಂತದ್ದು 'ಮೆಜ್ಜಾದ್ರಿಯ' ಎಂಬ ಪದ್ಧತಿ. ಹಾಗೆಂದರೆ ಅರೆಪಾಲು. ಒಡೆಯನದು ಭೂಮಿ ಮತ್ತು ಮನೆ, ಒಕ್ಕಲಿನವನದು ಇಡೀ ಸಂಸಾರದ ದುಡಿತ, ಬೆಳೆ ಅರ್ಧರ್ಧ. ನಮ್ಮ ಕಡೆ ಪಾಲಿಗೆ ಹೊಲ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟಸ್ಕನಿಯ ಚಿತ್ರಪಟಗಳಲ್ಲಿ ಕಾಣುವ ಗುಡ್ಡದ ಮೇಲಣ ಆ ಒಂಟಿ ಕಲ್ಲುಮನೆಗಳು ಈ ಅರೆಪಾಲಿನವರ ಮನೆಗಳು. ಎರಡನೆಯ ಮಹಾಯುದ್ಧವಾದ ಮೇಲೆ ಅವರು ಹೊಲ ಬಿಟ್ಟು ಕಾರ್ಖಾನೆಗಳ ದಾರಿ ಹಿಡಿದರು. ೧೯೬೪ರ ಕಾನೂನು ಹೊಸದಾಗಿ ಅಂಥ ಕರಾರು ಮಾಡುವುದನ್ನು ನಿಷೇಧಿಸಿತು. ನಮ್ಮಲ್ಲಿ ಗೇಣಿಯನ್ನು ಮುಗಿಸಿದ ತಿದ್ದುಪಡಿ ಹತ್ತು ವರ್ಷ ತಡವಾಗಿ, ೧೯೭೪ರಲ್ಲಿ ಬಂತು. ಇಂದು ಆ ಕಲ್ಲುಮನೆಗಳಲ್ಲಿ ಪ್ರವಾಸಿಗಳು ಬಾಡಿಗೆಗೆ ಇಳಿದುಕೊಳ್ಳುತ್ತಾರೆ.

ಹೀಗೆ ಹುಟ್ಟಿದೂರಿನಲ್ಲಿ ಹಳೆಯ ಒಕ್ಕಲು ಚದುರಿದ ಮೇಲೆ ಸಾಂಜೊವೇಸೆ ದಖ್ಖನಿಗೆ ಬಂದಿತು. ಸಿದ್ಧರಾಮನ ಸೊನ್ನಲಿಗೆಯ ಜಿಲ್ಲೆಯಾದ ಸೊಲ್ಲಾಪುರದ ಅಕಲೂಜಿನಲ್ಲಿ, ಇಟಲಿಯ ಸೆಚ್ಚಿ, ದಿಲ್ಲಿಯ ಸೇಖ್ರಿ, ಅಕಲೂಜಿನ ಮೋಹಿತೆ-ಪಾಟೀಲ ಈ ಮೂರು ಮನೆಯ ಸೋದರರು ಕೂಡಿ ಸ್ಥಾಪಿಸಿದ ಸಂಸ್ಥೆಗೆ 'ಫ್ರಾತೆಲ್ಲಿ', ಎಂದರೆ ಸೋದರರು ಎಂದೇ ಹೆಸರು. ಟಸ್ಕನಿಯ ಪಿಯೆರೊ ಮಾಸಿ ಅಲ್ಲಿಯ ಪಾಕಪ್ರವೀಣ. ಅವರ 'ಸೆತ್ತೆ'ಯಲ್ಲಿ ಸಾಂಜೊವೇಸೆಯೂ ಕಾಬೆರ್ನೆಯೂ ಕೂಡಿವೆ, ತಿನ್ಯಾನೆಲ್ಲೊದ ದಾರಿಯೇ. ಅಕಲೂಜಿನ ನೀರಾ ನದಿ ಭೀಮೆಯನ್ನು ಸೇರುತ್ತದೆ, ಭೀಮೆ ನಮ್ಮ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಇನ್ನು ಹಂಪಿಯ ಗುಡ್ಡಸಾಲಿನ ತೋಟ ಹೈದರಾಬಾದಿನ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳದು. ಇಬ್ಬರ ಹೆಸರಿನ ಅಕ್ಷರ ಸೇರಿಸಿ 'ಕೃಷ್ಮಾ' ಎಂದು ಕರೆದಿದ್ದಾರೆ.

ಈ ಬಳ್ಳಿಯ ಸ್ವಭಾವ ವಿಚಿತ್ರ. ಇಟಲಿಯಲ್ಲಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ, ಶರದೃತುವಿನಲ್ಲಿ ಕೊಯ್ಲು. ನಮ್ಮಲ್ಲಿ ಮಲಗಿಸುವ ಚಳಿಯಿಲ್ಲ. ಆದ್ದರಿಂದ ಬೇಸಗೆಯ ಏಪ್ರಿಲ್ ಹೊತ್ತಿಗೊಮ್ಮೆ, ಮಳೆ ಹಿಂಜರಿಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ, ಎರಡು ಸಲ ಕತ್ತರಿ ಹಾಕಿ ಬಳ್ಳಿಗೆ ಕಾಲ ಕಲಿಸಬೇಕು. ಫಲ ಬರುವುದು ಚಳಿಗಾಲ ಕಳೆಯುವಾಗ. ಹಣ್ಣಿನ ರಸಕ್ಕೆ ಬಣ್ಣವಿಲ್ಲ. ಕೆಂಪೆಲ್ಲ ಸಿಪ್ಪೆಯದು, ಸಿಪ್ಪೆಯ ಸಮೇತ ಹುಳಿಬರಿಸಿದರೆ ಮಾತ್ರ ಅದು ರಸಕ್ಕೆ ಇಳಿಯುತ್ತದೆ. ನೀರು ಹೆಚ್ಚಾದರೆ ಕಾಯಿ ದಪ್ಪವಾಗಿ ರಸ ಸಪ್ಪೆ. ಕಲ್ಲುನೆಲದಲ್ಲಿ ಬೇರು ತಡಕಾಡಬೇಕು, ಬಳ್ಳಿ ಒಂದಿಷ್ಟು ಬಾಯಾರಬೇಕು. ಬತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಜವುಳಾದ ಜಮೀನುಗಳಿರುವ ನಮ್ಮ ಸೀಮೆಯವರು ಕೇಳಬೇಕಾದ ಮಾತಿದು.

ಆದರೂ ನನ್ನ ಮನಸ್ಸು ಪೂರಾ ಒಪ್ಪದು. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣ ಮತ್ತು ವೈನ್ ನೀತಿಯನ್ನು ತಂದದ್ದು ೨೦೦೭ರಲ್ಲಿ. ಸಾರಾಯಿಯನ್ನು ನಿಷೇಧಿಸಿದ್ದೂ ಅದೇ ವರ್ಷದ ಜುಲೈಯಲ್ಲಿ. ಒಂದು ಪಾನ ಬೆಳೆಯ ಲೆಕ್ಕಕ್ಕೆ ಬಂತು, ಇನ್ನೊಂದು ಅಪರಾಧದ ಲೆಕ್ಕಕ್ಕೆ. ಸಾರಾಯಿ ಹೋದರೂ ಅಗ್ಗದ ಮದ್ಯ ಹಳ್ಳಿಯ ಅಂಗಡಿಗಳಲ್ಲಿ ಉಳಿಯಿತು. ೨೦೧೯ರ ಜನವರಿಯಲ್ಲಿ ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಅವರ ಮುಂದೆ ನಿಂತು ಸಾಂಜೊವೇಸೆಯ ಕಂಪನ್ನು ವರ್ಣಿಸುವ ಧೈರ್ಯ ನನಗಿಲ್ಲ. ದ್ರಾಕ್ಷಾಸವ ಬೇರೆ, ಅದು ಸಂಸ್ಕೃತಿ ಎನ್ನುವವರಿಗೆ ನಾನು ಕೇಟೊವಿನ ಹದಿನಾರು ಮಂದಿಯನ್ನು ನೆನಪಿಸುತ್ತೇನೆ.

ಕಾಲುವೆಯ ಕೊನೆಯಂಚಿನಲ್ಲಿ ನಾಲ್ಕೆಕರೆ ಬತ್ತ ಬೆಳೆಯುವ ಪರಿಚಿತರೊಬ್ಬರಿಗೆ ಈ ಬಳ್ಳಿಯ ಸಂಗತಿಯನ್ನು ಒಂದು ಸಂಜೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನೀರು ಹೆಚ್ಚಾದ್ರ ಕೆಡೋ ಬೆಳಿನೂ ಐತೇನ್ರಿ?" ಎಂದರು. ಐತಿ ಎಂದೆ. ಫಲಕ್ಕೆ ಎಷ್ಟು ವರ್ಷ ಕಾಯಬೇಕೆಂದು ಕೇಳಿದರು. ಮೂರು ವರ್ಷವಾದರೂ ಬೇಕು ಎಂದಾಗ ನಕ್ಕುಬಿಟ್ಟರು. ಆ ರಾತ್ರಿ ತೂಬಿನ ನೀರಿನ ಸರದಿ ಅವರದಾಗಿತ್ತು. ಬ್ಯಾಟರಿ ಹಿಡಿದುಕೊಂಡು ಎದ್ದರು.