ಒಂದೇ ಕಾಡಿನ ಹಲವು ಪ್ರಾಣಿಗಳು: ನೆಲೆ ಅಂದಾಜಿನ ಸಂಖ್ಯಾಶಾಸ್ತ್ರದ ಇತಿಹಾಸ

ವನ್ಯಪ್ರಾಣಿಯೊಂದು ಎಲ್ಲಿ ನೆಲೆಸುತ್ತದೆ ಎಂಬುದು ಮಳೆ, ಮೇವು, ನೀರಿನ ಜೊತೆಗೆ ಅಲ್ಲಿ ಇನ್ನಾವ ಪ್ರಾಣಿ ಇದೆ ಎಂಬುದನ್ನೂ ಅವಲಂಬಿಸಿದೆ. ಬೇಟೆ, ಪೈಪೋಟಿ, ಹೆದರಿಕೆಗಳಿಂದ ಒಂದರ ನೆಲೆ ಇನ್ನೊಂದರ ನೆಲೆಯನ್ನು ಎಷ್ಟು ಬದಲಿಸುತ್ತದೆ ಎಂದು ಸಮೀಕ್ಷೆಯ ಅಂಕಿಗಳಿಂದ ಅಂದಾಜು ಮಾಡುವ ವಿಧಾನಗಳೇ ಬಹುಪ್ರಭೇದ ನೆಲೆ ಮಾದರಿಗಳು. ಸಂಶೋಧಕರ ಮಾತಿನಲ್ಲಿ ಇವು ಆಕ್ಯುಪೆನ್ಸಿ ಮಾದರಿಗಳು. ಕಣ್ಣಿಗೆ ಬೀಳದ ಪ್ರಾಣಿಯನ್ನು ‘ಇಲ್ಲ’ ಎಂದು ಬರೆದುಕೊಳ್ಳುವ ಅಭ್ಯಾಸದಿಂದ ಜೀವಪರಿಸರ ವಿಜ್ಞಾನ ಹೇಗೆ ಹೊರಬಂತು ಎಂಬುದೇ ಇವುಗಳ ಇತಿಹಾಸದ ತಿರುಳು.

ಮೊದಲ ಹೆಜ್ಜೆ ಇಟ್ಟವರು ಅಮೆರಿಕದ ಸ್ಟೀಫನ್ ಫೋರ್ಬ್ಸ್. ಇಲಿನಾಯ್ ರಾಜ್ಯದ ಮೀನುಗಳ ಕುರಿತ 1907ರ ಪ್ರಬಂಧದಲ್ಲಿ ಅವರು ಎರಡು ಜಾತಿಯ ಮೀನುಗಳು ಒಟ್ಟಿಗೆ ಸಿಕ್ಕ ಸಂಖ್ಯೆಯನ್ನು, ಬರೀ ಆಕಸ್ಮಿಕವಾಗಿ ಒಟ್ಟಿಗೆ ಸಿಗಬಹುದಾದ ಸಂಖ್ಯೆಯೊಂದಿಗೆ ಹೋಲಿಸಿದರು. ಲೆಕ್ಕ ಸರಳ, ಮುಂದಿನ ಎಲ್ಲ ಮಾದರಿಗಳ ಬೇರು ಅದರಲ್ಲಿದೆ.

ದೊಡ್ಡ ಜಗಳ ಹುಟ್ಟಿದ್ದು 1975ರಲ್ಲಿ. ನ್ಯೂಗಿನಿಯ ಬಳಿಯ ಬಿಸ್ಮಾರ್ಕ್ ದ್ವೀಪಸಮೂಹದಲ್ಲಿ ಕೆಲವು ಪಕ್ಷಿಗಳು ಚದುರಂಗದ ಮಣೆಯ ಕಪ್ಪು ಬಿಳುಪು ಮನೆಗಳಂತೆ ಹಂಚಿಹೋಗಿವೆ, ಒಂದಿರುವ ದ್ವೀಪದಲ್ಲಿ ಇನ್ನೊಂದಿಲ್ಲ, ಇದಕ್ಕೆ ಪೈಪೋಟಿಯೇ ಕಾರಣ ಎಂದು ಜೇರೆಡ್ ಡೈಮಂಡ್ ವಾದಿಸಿದರು. ಎಡ್ವರ್ಡ್ ಕಾನರ್ ಮತ್ತು ಡೇನಿಯಲ್ ಸಿಂಬರ್ಲಾಫ್ 1979ರಲ್ಲಿ ಇದನ್ನು ಪ್ರಶ್ನಿಸಿದರು. ಪಕ್ಷಿಗಳನ್ನು ದ್ವೀಪಗಳ ಮೇಲೆ ಮನಬಂದಂತೆ ಹಂಚಿದರೂ ಇಂಥ ವಿನ್ಯಾಸ ಮೂಡಬಹುದಲ್ಲವೇ ಎಂಬುದು ಅವರ ಪ್ರಶ್ನೆ. ವಿವಾದ ದಶಕಗಳ ಕಾಲ ಕಾವಿನಲ್ಲೇ ಇತ್ತು. ಅದರಿಂದ ಉಳಿದ ಲಾಭ ದೊಡ್ಡದು: ಆಕಸ್ಮಿಕವನ್ನು ತಳ್ಳಿಹಾಕದೆ ಪ್ರಾಣಿಗಳ ನಡುವಿನ ಸಂಬಂಧದ ಬಗ್ಗೆ ಮಾತಾಡುವಂತಿಲ್ಲ ಎಂಬ ಶಿಸ್ತು.

ಆದರೆ ಎರಡೂ ಬಣಗಳು ‘ಇದೆ’, ‘ಇಲ್ಲ’ ಎಂಬ ಪಟ್ಟಿಯನ್ನು ನಿಜವೆಂದೇ ನಂಬಿದ್ದವು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಡ್ಯಾರಿಲ್ ಮೆಕೆಂಝಿ, ಜೇಮ್ಸ್ ನಿಕೋಲ್ಸ್ ಮತ್ತು ಸಂಗಡಿಗರ 2002ರ ಪ್ರಬಂಧ. ಒಂದು ಕೆರೆಯ ದಂಡೆಗೆ ಮೂರು ಸಲ ಹೋಗುತ್ತೇವೆ ಎಂದುಕೊಳ್ಳಿ. ಅಲ್ಲಿರುವ ಕಪ್ಪೆಯ ಕೂಗು ಒಂದು ಭೇಟಿಯಲ್ಲಿ ಕೇಳಿಸುವ ಸಂಭವನೀಯತೆ 0.3 ಆದರೆ, ಮೂರೂ ಸಲ ಕೇಳಿಸದೇ ಹೋಗುವ ಸಂಭವನೀಯತೆ 0.7ರ ಘನ, ಅಂದರೆ 0.343. ಕಪ್ಪೆಯಿರುವ ಮೂರು ಕೆರೆಗಳಲ್ಲಿ ಒಂದನ್ನು ನಾವು ಖಾಲಿ ಎಂದು ಬರೆದಿರುತ್ತೇವೆ! ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ, ಕಂಡ ಮತ್ತು ಕಾಣದ ಭೇಟಿಗಳ ಸರಣಿಯಿಂದಲೇ ಈ ತಪ್ಪನ್ನು ಅಳೆದು ತಿದ್ದಬಹುದೆಂದು ಅವರು ತೋರಿಸಿದರು. ಮೇರಿಲ್ಯಾಂಡ್‌ನ 32 ಜೌಗುತಾಣಗಳ ಅಂಕಿಗಳಲ್ಲಿ ಅಮೆರಿಕನ್ ನೆಲಗಪ್ಪೆಯ ನೆಲೆಯ ಅಂದಾಜು, ಅಂದರೆ ಅದು ಇರುವ ತಾಣಗಳ ಪ್ರಮಾಣ, 0.49ಕ್ಕೆ ಬಂತು, ಅದು ಕಣ್ಣು ಕಿವಿಗೆ ಸಿಕ್ಕ ಪ್ರಮಾಣಕ್ಕಿಂತ ಶೇ. 44ರಷ್ಟು ಹೆಚ್ಚು.

ಎರಡು ವರ್ಷಗಳ ಬಳಿಕ ಮೆಕೆಂಝಿ, ಲಾರಿಸಾ ಬೇಲಿ ಮತ್ತು ನಿಕೋಲ್ಸ್ ಇದನ್ನು ಎರಡು ಪ್ರಭೇದಗಳಿಗೆ ವಿಸ್ತರಿಸಿದರು. ಈಗ ಒಂದೊಂದು ತಾಣಕ್ಕೂ ನಾಲ್ಕು ಸ್ಥಿತಿಗಳು: ಎರಡೂ ಇವೆ, ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ ಇಲ್ಲ. ಒಂದರ ನೆಲೆ 0.6, ಇನ್ನೊಂದರದು 0.5 ಆದರೆ, ಪರಸ್ಪರ ಸಂಬಂಧವಿಲ್ಲದಾಗ ಎರಡೂ ಒಟ್ಟಿಗಿರುವ ಸಂಭವನೀಯತೆ 0.3. ಅಂದಾಜು 0.15 ಬಂದರೆ ಅನುಪಾತ ಅರ್ಧ. ಅವು ಒಂದನ್ನೊಂದು ತಪ್ಪಿಸುತ್ತಿರಬಹುದು. ಪರಿಸರದ ಅಂಶಗಳನ್ನು ಸೇರಿಸಿದಾಗ ಈ ಲೆಕ್ಕ ಅನೇಕ ಸಲ ಮುಗ್ಗರಿಸುತ್ತಿತ್ತು. ಕ್ಯಾಲಿಫೋರ್ನಿಯಾದ ಜೌಗಿನಲ್ಲಿ ಅಡಗಿರುವ ರೈಲ್ ಹಕ್ಕಿಗಳನ್ನು ಅಧ್ಯಯನ ಮಾಡಿದ ಓರಿಯನ್ ರಿಚ್ಮಂಡ್ ಮತ್ತು ಸಂಗಡಿಗರು 2010ರಲ್ಲಿ ಸಮೀಕರಣವನ್ನೇ ಬೇರೆ ರೀತಿ ಬರೆದರು: ಬಲಿಷ್ಠ ಪ್ರಭೇದ ಇದ್ದಾಗ ದುರ್ಬಲದ್ದು ಎಲ್ಲಿ, ಇಲ್ಲದಾಗ ಎಲ್ಲಿ? ಬಲಿಷ್ಠ ಯಾವುದೆಂದು ಮೊದಲೇ ಗೊತ್ತಿರಬೇಕಾದ್ದು ಇದರ ಮಿತಿ.

ಆ ಮಿತಿಯನ್ನು ದಾಟಿದ್ದು ಕ್ರಿಸ್ಟೋಫರ್ ರೋಟಾ ಮತ್ತು ಸಂಗಡಿಗರ 2016ರ ಮಾದರಿ. ಬಾಬ್‌ಕ್ಯಾಟ್, ಕಯೋಟಿ, ಬೂದು ನರಿ, ಕೆಂಪು ನರಿ ಈ ನಾಲ್ಕರ 16 ಸ್ಥಿತಿಗಳನ್ನು ಒಟ್ಟಿಗೆ ಹಿಡಿದು, ಯಾವುದಕ್ಕೂ ಯಜಮಾನಿಕೆ ಕೊಡದೆ, ಜೋಡಿಯ ಸಂಬಂಧವೇ ಪರಿಸರದೊಂದಿಗೆ ಬದಲಾಗಲು ಅದು ಅವಕಾಶ ಕೊಟ್ಟಿತು. ಈ ಇಡೀ ಇತಿಹಾಸದಲ್ಲಿ ಅತ್ಯಂತ ಫಲವತ್ತಾದ ಹೆಜ್ಜೆ ಇದೇ ಎನ್ನಬೇಕು. ಪೈಪೋಟಿ ಎಲ್ಲ ಕಾಡಿನಲ್ಲೂ ಒಂದೇ ತೂಕದ್ದಾಗಿರುವುದಿಲ್ಲ.

ಕರ್ನಾಟಕದ ಕಾಡುಗಳು ಈ ಕಥೆಯ ಒಳಗೇ ಇವೆ. ಹುಲಿ ಕಾಡುರಸ್ತೆಗಳಲ್ಲಿ ದೂರದೂರ ನಡೆಯುತ್ತದೆ. ಒಂದು ಕಿಲೋಮೀಟರಿನಲ್ಲಿ ಹೆಜ್ಜೆ ಸಿಕ್ಕರೆ ಮುಂದಿನ ಕಿಲೋಮೀಟರಿನಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಪ್ರತಿ ಕಿಲೋಮೀಟರನ್ನೂ ಸ್ವತಂತ್ರ ಭೇಟಿಯೆಂದು ಎಣಿಸುವಂತಿಲ್ಲ. ಜೇಮ್ಸ್ ಹೈನ್ಸ್, ಉಲ್ಲಾಸ ಕಾರಂತ ಮತ್ತು ಇತರರು 2010ರಲ್ಲಿ ಇದಕ್ಕೆ ತಕ್ಕ ಮಾದರಿ ಕಟ್ಟಿದರು. ಪಶ್ಚಿಮ ಘಟ್ಟದ ಸುಮಾರು 38,000 ಚದರ ಕಿ.ಮೀ. ಭೂಪ್ರದೇಶದ ಹೆಜ್ಜೆಗುರುತು ಸಮೀಕ್ಷೆಗೆ ಅದನ್ನು ಅನ್ವಯಿಸಿದ 2011ರ ಪ್ರಬಂಧ, ಹಳೆಯ ‘ಇದೆ, ಇಲ್ಲ’ ಲೆಕ್ಕ ಹುಲಿಯ ನೆಲೆಯನ್ನು ಶೇ. 47ರಷ್ಟು ಕಡಿಮೆ ತೋರಿಸುತ್ತದೆಂದು ಹೇಳಿತು. ಸಂರಕ್ಷಣೆಯ ಹಣ, ಕಾವಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ನಕ್ಷೆಯಲ್ಲಿನ ಸಂಬಂಧವೆಲ್ಲ ಪ್ರಾಣಿಗಳ ನಡುವಿನ ಸಂಬಂಧವಲ್ಲ ಎಂಬ ಎಚ್ಚರವೂ ಜೊತೆಜೊತೆಗೇ ಬೆಳೆಯಿತು. ಎರಡು ಪ್ರಭೇದಗಳು ಒಂದೇ ಬಗೆಯ ನೀರು ಮೇವನ್ನು ಬಯಸಿದರೆ ಒಟ್ಟಿಗೆ ಕಾಣುತ್ತವೆ, ಅಷ್ಟೇ. ಗಿಯೋಮ್ ಬ್ಲಾಂಶೆ ಮತ್ತು ಸಂಗಡಿಗರು 2020ರಲ್ಲಿ ಇದನ್ನು ನೇರವಾಗಿಯೇ ಬರೆದರು: ಒಟ್ಟಿಗಿರುವುದು ಪರಸ್ಪರ ಪ್ರಭಾವಕ್ಕೆ ಪುರಾವೆಯಲ್ಲ.

ಆದ್ದರಿಂದಲೇ ಜಾಗದ ಜೊತೆ ಹೊತ್ತನ್ನೂ ನೋಡುವ ಅಧ್ಯಯನಗಳಿಗೆ ಬೆಲೆ. ನಾಗರಹೊಳೆ, ಬಂಡೀಪುರ, ಭದ್ರಾ, ಬಿಳಿಗಿರಿರಂಗನ ಬೆಟ್ಟಗಳ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿ, ಚಿರತೆ, ಸೀಳುನಾಯಿಗಳ ಸಹಬಾಳ್ವೆಯನ್ನು ಕಾರಂತ ಮತ್ತು ಸಂಗಡಿಗರು 2017ರಲ್ಲಿ ಪರಿಶೀಲಿಸಿದರು. ಬೇಟೆ ಹೇರಳವಾಗಿರುವ ಕಾಡುಗಳಲ್ಲಿ ಹಗಲು ತಿರುಗುವ ಸೀಳುನಾಯಿಗೆ ರಾತ್ರಿ ತಿರುಗುವ ದೊಡ್ಡ ಬೆಕ್ಕುಗಳ ಮುಖಾಮುಖಿ ಅಷ್ಟಾಗಿ ಇರಲಿಲ್ಲ. ಬೇಟೆ ಕಡಿಮೆಯಿದ್ದ ಭದ್ರಾದಲ್ಲಿ ಮೂರರ ಓಡಾಟದ ಹೊತ್ತು ಹೆಚ್ಚು ಬೆರೆಯಿತು, ಆದರೂ ಸೀಳುನಾಯಿಗಳು ಅವುಗಳ ಕಣ್ಣು ತಪ್ಪಿಸಿದವು. ಮೂರೂ ಬೇಟೆಗಾರ ಪ್ರಾಣಿಗಳು ತುಂಬಿರುವ ನಾಗರಹೊಳೆಯಲ್ಲಿ ಚಿರತೆಯು ಹುಲಿಯಿಂದ ದೂರ ಸರಿದು ನಡೆಯುತ್ತಿತ್ತು.