ಹಾಡಿಗೆ ವಿನಾಯಿತಿ, ಹಾಳೆಗೆ ಪರವಾನಗಿ: ಚರ್ಚ್ ಆರಾಧನೆ ಮತ್ತು ಕೃತಿಸ್ವಾಮ್ಯ

ಕೃತಿಸ್ವಾಮ್ಯವುಳ್ಳ ಗೀತೆಯನ್ನು ಆರಾಧನೆಯಲ್ಲಿ ಹಾಡಲು ಅಮೆರಿಕದ ಚರ್ಚುಗಳಿಗೆ ಪರವಾನಗಿ ಬೇಕಿಲ್ಲ. 1976ರ ಕೃತಿಸ್ವಾಮ್ಯ ಕಾಯ್ದೆಯ 110(3)ನೇ ಕಲಂ ಈ ವಿನಾಯಿತಿ ಕೊಡುತ್ತದೆ. ನಾಟಕಕ್ಕೆ ಸೇರದ ಗೀತೆಯಾದರೆ ಅದು ಧಾರ್ಮಿಕವೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಅದೇ ಚರ್ಚಿನಲ್ಲಿ ಟಿಕೆಟ್ ಇಟ್ಟು ನಡೆಸುವ ಸಂಗೀತ ಕಾರ್ಯಕ್ರಮಕ್ಕೆ ಮಾತ್ರ ಈ ರಕ್ಷಣೆ ಸಿಗದು.

ಆದರೂ ಚರ್ಚುಗಳು ಕೋರ್ಟಿನ ಕಟಕಟೆಯಲ್ಲಿ ನಿಂತದ್ದುಂಟು. ಕಾರಣ ಕಾಗದ. ಅಯೋವಾ ರಾಜ್ಯದ ಕ್ಲಾರಿಂಡಾ ಊರಿನ ಮೆಥಡಿಸ್ಟ್ ಚರ್ಚಿನ ಕ್ವಾಯರ್ ನಿರ್ದೇಶಕರೊಬ್ಬರು 'ಮೈ ಗಾಡ್ ಅಂಡ್ ಐ' ಗೀತೆಯನ್ನು ತಮ್ಮ ಗಾಯಕರಿಗೆ ಒಗ್ಗಿಸಿಕೊಂಡು 48 ಪ್ರತಿ ತೆಗೆದರು. ಚರ್ಚಿನಲ್ಲಿ ಅದನ್ನು ಹಾಡಿಸಿದ್ದು ಒಂದೇ ಭಾನುವಾರ. ಲಾಭದ ಉದ್ದೇಶವೂ ಇರಲಿಲ್ಲ. 1962ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಉಲ್ಲಂಘನೆಯೆಂದೇ ತೀರ್ಮಾನಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ ಜನಭಾಷೆಯ ಪೂಜೆಗೆ ದಾರಿ ತೆರೆದ ಮೇಲೆ ಕ್ಯಾಥೊಲಿಕ್ ಧರ್ಮಕೇಂದ್ರಗಳಿಗೆ ಹೊಸ ಗೀತೆಗಳು ಬೇಕಾದವು. ಅನುಮತಿಯಿಲ್ಲದೆ ಪ್ರತಿ ತೆಗೆಯುವುದೂ ಹಬ್ಬಿತು. ಎಫ್.ಇ.ಎಲ್. ಪ್ರಕಾಶನ ಷಿಕಾಗೊ ಮಹಾಧರ್ಮಪ್ರಾಂತ್ಯದ ಮೇಲೆ ಹೂಡಿದ ದಾವೆಯ ತಿರುಳು ಇದೇ.

1988ರಲ್ಲಿ ಆರಂಭವಾದ ಸಿಸಿಎಲ್‌ಐ ಸಂಸ್ಥೆಯ ಸಮಗ್ರ ಪರವಾನಗಿ ಪ್ರತಿ ತೆಗೆಯಲು ಸುಲಭವಾಗಿ ಅನುಮತಿ ಪಡೆಯುವ ದಾರಿಯ ಕೊರತೆಯನ್ನು ತುಂಬಿತು. ಸಭೆಯ ಗಾತ್ರಕ್ಕೆ ತಕ್ಕ ಶುಲ್ಕ ಕಟ್ಟಿದರೆ ಸಾಹಿತ್ಯವನ್ನು ಮುದ್ರಿಸಬಹುದು, ಪರದೆಯ ಮೇಲೆ ತೋರಿಸಬಹುದು. ಕ್ವಾಯರ್‌ನ ಸ್ವರಲಿಪಿ ಪುಸ್ತಿಕೆಗಳನ್ನು ಜೆರಾಕ್ಸ್ ಮಾಡಲು ಮೂಲ ಪರವಾನಗಿ ಒಪ್ಪುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ. ನೇರಪ್ರಸಾರಕ್ಕೂ ಬೇರೆ ಪರವಾನಗಿ ಬೇಕು, ಏಕೆಂದರೆ 110(3) ಆರಾಧನಾಸ್ಥಳದ ಗೋಡೆಯಾಚೆಗೆ ಚಾಚುವುದಿಲ್ಲ.

ಭಾರತದ 1957ರ ಕಾಯ್ದೆಯ 52(1)(ಝಡ್ಎ) ಕಲಂ ಇದಕ್ಕಿಂತ ಉದಾರವಾಗಿದೆ. ಪ್ರಾಮಾಣಿಕ ಧಾರ್ಮಿಕ ವಿಧಿಯ ವೇಳೆ ನಡೆಯುವ ಪ್ರದರ್ಶನದ ಜೊತೆಗೆ 'ಸಾರ್ವಜನಿಕರಿಗೆ ತಲುಪಿಸುವುದನ್ನೂ' ಅದು ವಿನಾಯಿತಿಗೆ ಸೇರಿಸಿದೆ. ಹೀಗಾಗಿ ಮಂಗಳೂರಿನ ಆರಾಧನೆಯ ನೇರಪ್ರಸಾರಕ್ಕೂ ಈ ರಕ್ಷಣೆ ಸಲ್ಲುತ್ತದೆಂದು ವಾದಿಸಲು ನನ್ನ ದೃಷ್ಟಿಯಲ್ಲಿ ಬಲವಾದ ಆಧಾರವಿದೆ. ಅದನ್ನು ಧ್ವನಿಮುದ್ರಿಸಿ ಉಳಿಸಿಕೊಳ್ಳುವುದು ಮಾತ್ರ ಪ್ರತಿ ಮಾಡಿದಂತೆ. ಆ ಹಕ್ಕನ್ನು ಈ ಕಲಂ ಮುಟ್ಟುವುದಿಲ್ಲ.

ಭಕ್ತಿಗೀತೆ ಬರೆದವರು ದೇವರಿಗೇ ಅರ್ಪಿಸಿದ್ದಾರೆ, ಅವರಿಗೇಕೆ ಹಣ ಎಂಬ ವಾದವನ್ನು ನಾನು ಒಪ್ಪಲಾರೆ. ಅರ್ಪಣೆ ಬರೆದವರ ಇಚ್ಛೆ. ಅದನ್ನು ಸಭೆ ಅವರ ಪರವಾಗಿ ಘೋಷಿಸಲಾಗದು. ಕನ್ನಡ ಸಭೆಯೊಂದು ಹೊಸ ಕೀರ್ತನೆಗಳ ಪುಸ್ತಕ ಅಚ್ಚುಹಾಕುವುದಾದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಪಡೆಯಲೇಬೇಕು. ಆ ಹಕ್ಕು ರಚನಕಾರರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ.